ಮಗುಚಿಟ್ಟ ಕೊಳಗ

ಡ್ಯಾಮಿನಿಂದ ನೀರು ಬಿಡದ ದಿನ ನಮ್ಮ ಮ್ಯೂಸಿಯಂ ತುಂಬುತ್ತಿತ್ತು. ಕಾಳಿ ನದಿಯಲ್ಲಿ ರಬ್ಬರ್ ದೋಣಿ ಹತ್ತಬೇಕೆಂದು ಪುಣೆಯಿಂದಲೋ ಹೈದರಾಬಾದಿನಿಂದಲೋ ದಾಂಡೇಲಿಗೆ ಬಂದವರು, ಇವತ್ತು ದೋಣಿ ಹೊರಡುವುದಿಲ್ಲ ಎಂದು ಗೊತ್ತಾದ ಮೇಲೆ, ಮೊಸಳೆ ನೋಡಿ ಮುಗಿಸಿ, ಊಟಕ್ಕೆ ಇನ್ನೂ ಒಂದು ತಾಸು ಇದೆಯಲ್ಲ ಎಂದು ನಮ್ಮಲ್ಲಿಗೆ ನುಗ್ಗುತ್ತಿದ್ದರು. ಬಂದವರು ಮೊದಲು ಕೇಳುತ್ತಿದ್ದದ್ದು ಪಾಯಖಾನೆ ಎಲ್ಲಿ ಅಂತ. ಆಮೇಲೆ ಮೊಬೈಲ್ ಚಾರ್ಜಿಗೆ ಪ್ಲಗ್. ಎರಡೂ ಸಿಕ್ಕಿ ಸಮಾಧಾನವಾದ ಮೇಲೆ ಸುತ್ತಲೂ ನೋಡಿ, "ಇಲ್ಲಿ ಏನಿದೆ?" ಎನ್ನುತ್ತಿದ್ದರು. ಆ ಪ್ರಶ್ನೆಗೆ ಉತ್ತರ ಕೊಡುವುದೇ ನನ್ನ ನೌಕರಿ. ಮೊದಲ ತಿಂಗಳು ಅರ್ಧ ಗಂಟೆ ಉತ್ತರ ಕೊಡುತ್ತಿದ್ದೆ. ಆಮೇಲೆ ಹತ್ತು ನಿಮಿಷಕ್ಕೆ ಇಳಿಯಿತು. ಕೊನೆಕೊನೆಗೆ ಕುರ್ಚಿಯಿಂದ ಏಳದೆ, "ಬಲಕ್ಕೆ ಪಾಯಖಾನೆ, ಎಡಕ್ಕೆ ಪರಂಪರೆ" ಎಂದು ಒಂದೇ ಉಸಿರಿನಲ್ಲಿ ಮುಗಿಸುತ್ತಿದ್ದೆ. ಬಲಕ್ಕೆ ಹೋದಷ್ಟು ಜನ ಎಡಕ್ಕೆ ಹೋಗಲಿಲ್ಲ.

ನನಗೆ ಈ ಕೆಲಸ ಸಿಕ್ಕಿದ್ದು ಓದಿನಿಂದಲ್ಲ, ಬಾಯಿಯಿಂದ. ಅಪ್ಪ ಧಾರವಾಡದ ಕಡೆಯಿಂದ ಬಂದು ಕಾಗದದ ಮಿಲ್ಲಿನಲ್ಲಿ ಪಾಳಿಯ ಮೇಲೆ ಪಾಳಿ ದುಡಿದವರು. ನಾನು ಇಲ್ಲೇ ಹುಟ್ಟಿ, ಯಾವ ಪಾಳಿಗೂ ಹೋಗದೆ, ಬಸ್ ಸ್ಟ್ಯಾಂಡಿನಲ್ಲಿ ನಿಂತು ಪ್ರವಾಸಿಗರಿಗೆ ದಾರಿ ಹೇಳುತ್ತಾ ದೊಡ್ಡವನಾದೆ. ದಾರಿ ಗೊತ್ತಿಲ್ಲದಿದ್ದರೂ ಹೇಳುತ್ತಿದ್ದೆ. ಆ ಧೈರ್ಯ ನೋಡಿಯೇ ಸಾಹೇಬರು ನನ್ನನ್ನು ಗುತ್ತಿಗೆಯ ಮೇಲೆ ತೆಗೆದುಕೊಂಡದ್ದು. ಸಾಹೇಬರು ಮೈಸೂರಿನ ಕಡೆಯವರು, ಪ್ರವಾಸೋದ್ಯಮ ಬೆಳೆಸಲೆಂದು ನಮ್ಮೂರಿಗೆ ಬಂದವರು. ಪ್ರವಾಸಿಗರು ಒಂದು ದಿನ ನದಿಯಲ್ಲಿ ನೆನೆದು, ಒಂದು ರಾತ್ರಿ ಮಲಗಿ, ಬೆಳಿಗ್ಗೆ ಗೋವಾಕ್ಕೆ ಓಡಿಬಿಡುತ್ತಾರೆ, ಅವರನ್ನು ಇನ್ನೊಂದು ದಿನ ಹಿಡಿದು ನಿಲ್ಲಿಸಬೇಕು ಎನ್ನುವುದೊಂದೇ ಅವರ ಚಿಂತೆ.

"ನೋಡಪ್ಪಾ, ನೀರು ಎಲ್ಲಾ ಕಡೆ ಇರುತ್ತೆ," ಎನ್ನುತ್ತಿದ್ದರು. "ಈ ಕಾಡಲ್ಲಿ ಜನ ಹೇಗೆ ಬದುಕಿದ್ರು ಅನ್ನೋದು ಇಲ್ಲಿ ಮಾತ್ರ ಇರೋದು. ಅದನ್ನ ತೋರಿಸಿದ್ರೆ ಯಾಕೆ ನಿಲ್ಲಲ್ಲ?"

ಮಾತು ಸರಿಯಾಗಿಯೇ ಇತ್ತು. ತೋರಿಸಲು ನನ್ನನ್ನು ಆರಿಸಿದ್ದೊಂದೇ ತಪ್ಪು.

ಒಂದು ಬೇಸಿಗೆಯೆಲ್ಲ ಜೀಪಿನಲ್ಲಿ ಹಳಿಯಾಳ, ಮುಂಡಗೋಡ, ಜೋಯಿಡಾದ ಹಳ್ಳಿ ಸುತ್ತಿ ಹಳೆಯ ಸಾಮಾನು ಕೂಡಿಸಿದೆ. ಬೀಸುಕಲ್ಲು ಕೊಟ್ಟವರು ಅದು ಮನೆಯಿಂದ ಹೋದರೆ ಸಾಕೆಂದು ಜೀಪಿನ ತನಕ ತಾವೇ ಹೊತ್ತು ತಂದರು. ಅವಕ್ಕೆಲ್ಲ ಚೀಟಿ ಬರೆಯುವ ಕೆಲಸ ನನ್ನದು. ಮುಂಡಗೋಡದ ಹಳ್ಳಿಯೊಂದರಿಂದ ತಂದ ಬಿದಿರಿನ ಉದ್ದನೆಯ ಬುಟ್ಟಿಗೆ ನಾನು, 'ಮಗುವನ್ನು ಮಲಗಿಸುವ ತೊಟ್ಟಿಲು' ಎಂದು ಬರೆದೆ. ಕೆಳಗೆ ಎರಡು ಸಾಲು ತಾಯಿಯ ಮಮತೆಯ ಬಗ್ಗೆಯೂ ಸೇರಿಸಿದೆ. ದವಾಖಾನೆಗೆಂದು ಬಂದಿದ್ದ ಆ ಕಡೆಯ ಹೆಂಗಸೊಬ್ಬರು ಅದನ್ನು ನೋಡಿ ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

"ಯಪ್ಪಾ, ಇದು ಮೀನ ಹಿಡಿಯೂದು. ಒಳಗ ಹೋದದ್ದು ಹೊರಗ ಬರಬಾರ್ದಂತ ಹಿಂಗ ಹೆಣದಿರ್ತಾರ. ಕೂಸಿನ್ನ ಹಾಕಿದ್ರ ಹೆಂಗ ತಗೀತೀಯೋ?"

ಚೀಟಿ ಬದಲಿಸಿದೆ. ಆದರೆ ಅದರ ಮುಂದೆ ಫೋಟೋ ತೆಗೆಸಿಕೊಂಡು ಹೋದ ಮೂರು ಸಂಸಾರಗಳು ಇವತ್ತಿಗೂ ಅದನ್ನು ತೊಟ್ಟಿಲೆಂದೇ ನಂಬಿರಬಹುದು.

ಈ ಸುತ್ತಾಟದಲ್ಲೇ ಕುಂಬಾರವಾಡಕ್ಕೂ ಹೋದದ್ದು. ಜೋಯಿಡಾ ದಾಟಿ ಅಣಶಿಯ ಕಡೆ ಹೋಗುವ ದಾರಿಯಲ್ಲಿ, ಗದ್ದೆ ದಾಟಿ ಸ್ವಲ್ಪ ಒಳಗೆ, ಒಬ್ಬ ಮುದುಕಿಯ ಮನೆ. ಮನೆಮಾತು ಕೊಂಕಣಿ; ನನ್ನ ಜೊತೆ ಮಾತ್ರ ಸಂತೆಯಲ್ಲಿ ಕಲಿತ ಕನ್ನಡ. ಎಲ್ಲರೂ ಅವಳನ್ನು ಆಯಿ ಎನ್ನುತ್ತಿದ್ದರು, ನಾನೂ ಅಂದೆ. ಭತ್ತ ತುಂಬಿಡುವ ಅವಳ ಪಣತದ ಮೂಲೆಯಲ್ಲಿ ಭತ್ತ ಅಳೆಯುವ ಕೊಳಗ ಇತ್ತು. ಒಂದೇ ಮರದ ತುಂಡಿನಲ್ಲಿ ಕೊರೆದದ್ದು, ಬಾಯಿಗೆ ಹಿತ್ತಾಳೆಯ ಪಟ್ಟಿ, ಎಷ್ಟೋ ಕೈ ತಾಗಿ ತಾಗಿ ಎಣ್ಣೆ ಹಚ್ಚಿದ ಹಾಗೆ ನುಣುಪು. ನೋಡಿದ ಕೂಡಲೇ ಬೇಕು ಅನ್ನಿಸಿತು.

"ಇದು ಕೊಡಾಕ ಬರೂದಿಲ್ಲ ಬಾಳಾ," ಎಂದಳು ಆಯಿ, ಮನೆಯ ಮಗುವನ್ನು ಕರೆಯುವ ಹಾಗೆ. "ಸುಗ್ಗಿಗೆ ಬೇಕು."

ನಾನು ಬಸ್ ಸ್ಟ್ಯಾಂಡಿನ ಬಾಯಿ ಬಿಚ್ಚಿದೆ. ಆಯಿ, ಈ ಕೊಳಗ ದಾಂಡೇಲಿಯಲ್ಲಿ ಇಟ್ಟರೆ ಜನ ನೋಡುತ್ತಾರೆ. ನೋಡಿದವರು ಕುಂಬಾರವಾಡ ಎಲ್ಲಿ ಅಂತ ಕೇಳುತ್ತಾರೆ. ಕೇಳಿದವರು ಬರುತ್ತಾರೆ. ಜನ ಬಂದರೆ ಬಸ್ಸೂ ಬರುತ್ತದೆ.

"ಬಸ್ ಬರ್ತತಿ?" ಆಯಿ ಕೈಯಲ್ಲಿದ್ದ ಪೊರಕೆ ಕೆಳಗಿಟ್ಟಳು. ಇರುವ ಒಂದೆರಡು ಬಸ್ಸು ಬಂದರೆ ಬಂದವು, ಇಲ್ಲದಿದ್ದರೆ ಇಲ್ಲ. ಸೊಸೆ ಹೆರಿಗೆ ನೋವಿನಲ್ಲಿ ರಸ್ತೆಯ ಮೇಲೆ ಕುಳಿತು ಕಾದ ಕಥೆಯನ್ನು ಆಗಷ್ಟೇ ಹೇಳಿದ್ದಳು.

"ಎರಡು ಹೆಚ್ಚಿಗಿ ಬರ್ತಾವ ಆಯಿ," ಎಂದೆ. ಬಸ್ಸು ಬಿಡುವವನು ನಾನೇ ಎಂಬಂತೆ.

ಆಯಿ ಒಂದು ಕರಾರು ಹಾಕಿದಳು. ಹೊಸ ಭತ್ತ ಕಣಕ್ಕೆ ಬರುವುದರೊಳಗೆ ಕೊಳಗ ವಾಪಸ್ ಬರಬೇಕು. ಆಮೇಲೆ ಕೊಳಗದ ತಳಕ್ಕೆ ಒಂದು ಮುಷ್ಟಿ ಭತ್ತ ಹಾಕಿ ನನ್ನ ಕೈಗೆ ಕೊಟ್ಟಳು. "ಖಾಲಿ ಇಡಬ್ಯಾಡ," ಎಂದಳು. ಅಷ್ಟೇ. ಯಾಕೆ ಅಂತ ನಾನು ಕೇಳಲಿಲ್ಲ. ಕೇಳಿ ಬರೆದುಕೊಳ್ಳಲೆಂದೇ ನನ್ನ ಕೈಗೆ ನೋಟ್‌ಬುಕ್ ಕೊಟ್ಟಿದ್ದರು. ಅದರಲ್ಲಿ ಅವತ್ತು ಮಧ್ಯಾಹ್ನದ ಊಟಕ್ಕೆ ಏನಿತ್ತು ಎನ್ನುವುದು ಮಾತ್ರ ಇದೆ.

ಮ್ಯೂಸಿಯಂನಲ್ಲಿ ಒಂದು ತಿಂಗಳು ಭತ್ತದ ಸಮೇತ ಇಟ್ಟೆ. ಅದಕ್ಕೆ ಇರುವೆ ಬಂದವು, ಇರುವೆಯ ಹಿಂದೆ ಹಲ್ಲಿ. ಮಕ್ಕಳು ಚಿಪ್ಸಿನ ಖಾಲಿ ಪಾಕೀಟು ತಂದು ಅದರೊಳಗೆ ಹಾಕುತ್ತಿದ್ದರು, ದೊಡ್ಡವರು ಬಸ್ ಟಿಕೆಟು. ಬೇಸತ್ತು ಒಂದು ದಿನ ಭತ್ತವನ್ನು ಹಿತ್ತಲಿಗೆ ಸುರಿದು, ತೊಳೆದು, ಹೊರಗೆಲ್ಲ ವಾರ್ನಿಶ್ ಬಳಿದೆ. ಅದೇ ವಾರ ಸಾಹೇಬರು ಬಾಗಿಲಲ್ಲಿ ಇಡಲು ಪ್ಲಾಸ್ಟರಿನ, ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿ ತರಿಸಿದ್ದರು. ದಾಂಡೇಲಿಗೆ ಬಂದವರೆಲ್ಲ ಆ ಹಕ್ಕಿಯನ್ನೇ ಕೇಳುತ್ತಾರೆ. ನೆಲಕ್ಕಿಟ್ಟರೆ ಹಕ್ಕಿ ಕುಳ್ಳಗೆ ಕೋಳಿಯ ಹಾಗೆ ಕಾಣುತ್ತಿತ್ತು. ಎತ್ತರಕ್ಕೆ ಏನಾದರೂ ಬೇಕಿತ್ತು. ನಾನು ಕೊಳಗವನ್ನು ಮಗುಚಿ, ಅದರ ತಳದ ಮೇಲೆ ಹಕ್ಕಿಯನ್ನು ನಿಲ್ಲಿಸಿ, ಗಾಳಿಗೆ ಬೀಳದಿರಲೆಂದು ಕಲ್ಲಿನಂತೆ ಗಟ್ಟಿಯಾಗುವ ಗೋಂದು ಹಾಕಿ ಎರಡೂ ಕಾಲು ಕೂರಿಸಿಬಿಟ್ಟೆ.

ನಮ್ಮ ಕಾವಲುಗಾರ, ಮಿಲ್ಲಿನಿಂದ ನಿವೃತ್ತರಾದ ಕಾಕಾ, ಬಾಗಿಲಲ್ಲಿ ಕುಳಿತು ಎಲೆ ಅಡಿಕೆ ಜಗಿಯುತ್ತಾ ಎಲ್ಲ ನೋಡುತ್ತಿದ್ದರು. ಅವರೂ ಧಾರವಾಡ ಸೀಮೆಯ ಒಕ್ಕಲು ಮನೆತನದವರು.

"ತಮ್ಮಾ, ಕೊಳಗ ಹಂಗ ಮಗಚಿ ಇಡಬಾರ್ದೋ."

"ಕಾಕಾ, ಇದು ಡಿಸ್‌ಪ್ಲೇ."

"ಹಾಂ, ಡಿಸ್‌ಪ್ಲೇ ಆದ್ರ ನಡೀತತಿ ಬಿಡು," ಎಂದು ಕಾಕಾ ಹೊರಗೆ ಉಗುಳಿ ಬಂದರು. ಆ ಪದಕ್ಕೆ ಅಷ್ಟು ಶಕ್ತಿ ಇದೆ ಎಂದು ನನಗೂ ಅವತ್ತೇ ಗೊತ್ತಾದದ್ದು.

ಹಕ್ಕಿ ಗೆದ್ದಿತು. ಜನ ಸಾಲುಗಟ್ಟಿ ಅದರ ಕೊರಳಿಗೆ ಕೈ ಹಾಕಿ ಸೆಲ್ಫಿ ತೆಗೆದುಕೊಂಡರು. ಇಡೀ ಮ್ಯೂಸಿಯಂನಲ್ಲಿ ಜನ ಇಷ್ಟಪಟ್ಟದ್ದು ಅದೊಂದೇ, ಅದೂ ಶಹರದ ಅಂಗಡಿಯಿಂದ ತಂದದ್ದು. ಸಾಹೇಬರು ನನ್ನ ಬೆನ್ನು ತಟ್ಟಿದರು. ಮಳೆಗಾಲ ಕಳೆಯಿತು. ಕುಂಬಾರವಾಡಕ್ಕೆ ಯಾರೂ ಹೋಗಲಿಲ್ಲ. ಬಸ್ಸೂ ಹೆಚ್ಚಾಗಲಿಲ್ಲ. ನನಗೆ ಕೊಳಗದ ನೆನಪೇ ಇರಲಿಲ್ಲ.

ಆಯಿ ಬಂದದ್ದು ಒಂದು ಗುರುವಾರ, ಹನ್ನೊಂದರ ಹೊತ್ತಿಗೆ. ಜೋಯಿಡಾದಲ್ಲಿ ಬಸ್ಸು ಬದಲಿಸಿ, ಕೇಳಿಕೊಂಡು ಕೇಳಿಕೊಂಡು ನಡೆದು ಬಂದಿದ್ದಳು. ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟಳು. ನಮ್ಮ ಮ್ಯೂಸಿಯಂಗೆ ಚಪ್ಪಲಿ ಬಿಟ್ಟು ಬಂದವಳು ಅವಳೊಬ್ಬಳೇ. ನಾನು ಅಭ್ಯಾಸದಂತೆ ತಲೆ ಎತ್ತದೆ, "ಬಲಕ್ಕೆ ಪಾಯಖಾನೆ" ಎಂದೆ. ಯಾರೂ ಬಲಕ್ಕೆ ಹೋಗಲಿಲ್ಲ. ನೋಡಿದರೆ ಆಯಿ ಹಕ್ಕಿಯ ಮುಂದೆ ನಿಂತಿದ್ದಳು. ಹಕ್ಕಿಯನ್ನು ನೋಡುತ್ತಿರಲಿಲ್ಲ.

ಬಯ್ಯುತ್ತಾಳೆ ಎಂದುಕೊಂಡೆ. ಬಯ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಬೈಸಿಕೊಂಡು ನಗಿಸುವುದು ನನಗೆ ಬರುತ್ತದೆ.

"ಮನ್ಯಾಗ ಉಣ್ಣೋರ ಯಾರೂ ಉಳೀದಿದ್ರ ಕೊಳಗ ಮಗಚತಾರ, ಬಾಳಾ," ಎಂದಳು ಮೆಲ್ಲಗೆ. "ನನ್ನ ಮನ್ಯಾಗ ಮಗ ಅದಾನ. ಸೊಸಿ ಅದಾಳ. ಕೂಸ ಐತಿ."

ಕಾಕಾ ಬಾಗಿಲಲ್ಲಿ ಜಗಿಯುವುದನ್ನು ನಿಲ್ಲಿಸಿದ್ದರು.

ಆಮೇಲೆ ವಿಷಯ ಹೇಳಿದಳು. ಭತ್ತ ಕೊಯ್ದು, ಬಡಿದು, ತೂರಿ, ರಾಶಿ ಕಣದಲ್ಲಿ ಕೂತು ಮೂರು ದಿನವಾಗಿತ್ತು. ಅಳೆಯದೆ ಒಳಗೆ ಒಯ್ಯುವ ಹಾಗಿಲ್ಲ. ಬೇರೆ ಕೊಳಗದಿಂದ ಅಳೆಯುವ ಹಾಗಿಲ್ಲ. ಹಂದಿ ಬರುತ್ತವೆಂದು ಮಗ ಕಣದಲ್ಲೇ ಮಲಗುತ್ತಿದ್ದ. ಅವತ್ತು ಬೆಳಿಗ್ಗೆಯಿಂದ ಅಕಾಲದ ಮೋಡ ಬೇರೆ. "ಮಳಿ ಬಿದ್ರ ವರ್ಷದ ಅನ್ನ ಹೋಗ್ತತಿ," ಎಂದಳು. ನಾನು ತಂದುಕೊಡುತ್ತೇನೆಂದು ದಾರಿ ನೋಡಿ ನೋಡಿ, ಕೊನೆಗೆ ತಾನೇ ಬಂದಿದ್ದಳು.

ಸಾಹೇಬರನ್ನು ಕರೆದೆ. ಅವರು ಎಲ್ಲ ಕೇಳಿ ಕನ್ನಡಕ ತೆಗೆದು ಒರೆಸಿಕೊಂಡರು. "ಅಮ್ಮಾ, ಸೋಮವಾರ ಮೇಲಿನವರು ನೋಡೋಕೆ ಬರ್ತಿದಾರೆ. ಬಾಗಿಲಲ್ಲಿರೋದೇ ಇದು. ಇದಿಲ್ಲ ಅಂದ್ರೆ ನಾನೇನು ತೋರಿಸ್ಲಿ? ಪೇಟೆಯಿಂದ ಹೊಸದೊಂದು ಅಳತೆ ಪಾತ್ರೆ ಕೊಡಿಸ್ತೀನಿ, ತಗೊಂಡು ಹೋಗಿ."

"ಹೊಸದು ನಮ್ಮನಿ ಅಳತಿ ಅಲ್ಲ ಸಾಹೇಬಾ. ಬೀಜಕ್ಕ ಎಷ್ಟು, ಕೊಯ್ಯಾಕ ಬಂದೋರಿಗೆ ಎಷ್ಟು, ದೇವರಿಗೆ ಎಷ್ಟು, ಎಲ್ಲಾ ಇದರ ಮ್ಯಾಲ ಐತಿ. ಕಡಿಮಿ ಆದ್ರ ಮಂದಿ ನನ್ನ ಕೇಳ್ತಾರ, ನಿಮ್ಮನ್ನಲ್ಲ."

"ಸೋಮವಾರ ಸಂಜೆ ನಾನೇ ಜೀಪಲ್ಲಿ ಕಳಿಸ್ತೀನಿ."

"ನಿಮಗ ಸೋಮವಾರ ಐತಿ," ಎಂದಳು ಆಯಿ. "ನನಗ ಇವತ್ತ ಐತಿ."

ಸಾಹೇಬರು ಕಿಟಕಿಯಿಂದ ಆಕಾಶ ನೋಡಿದರು. ಅವರು ಕೆಟ್ಟವರಲ್ಲ. ಕಾಗದಗಳ ನಡುವೆ ಕೂತು ಕೂತು ದಣಿದವರು, ಅಷ್ಟೆ. ಕೊನೆಗೆ ನನ್ನ ಕಡೆ ತಿರುಗಿ, "ಭಾನುವಾರದೊಳಗೆ ವಾಪಸ್ ತರ್ತೀನಿ, ತರದಿದ್ರೆ ಹೊಣೆ ನಂದೇ ಅಂತ ಬರೆದುಕೊಡು. ನೀನೇ ಹೋಗು," ಎಂದರು. ಬರೆದುಕೊಟ್ಟೆ. ಒಂದು ವರ್ಷದಲ್ಲಿ ನಾನು ತಪ್ಪಿಲ್ಲದೆ ಬರೆದ ಮೊದಲ ಚೀಟಿ ಅದೇ.

ಈಗ ಹಕ್ಕಿ ಬಿಡಿಸಬೇಕು. ನಾನು ಜೀವನದಲ್ಲಿ ಮಾಡಿದ ಯಾವ ಕೆಲಸವೂ ಆ ಗೋಂದಿನಷ್ಟು ಗಟ್ಟಿಯಾಗಿ ನಿಂತಿಲ್ಲ. ಬಿಸಿನೀರು ಹಾಕಿದೆವು, ಸೀಮೆಎಣ್ಣೆ ಹಾಕಿದೆವು. ಕಾಕಾ ಹಕ್ಕಿಯ ನಡು ಹಿಡಿದು ಎಳೆದರು, ನಾನು ಕೊಳಗ ತಬ್ಬಿಕೊಂಡು ಎದುರು ಎಳೆದೆ. ಅದೇ ಹೊತ್ತಿಗೆ ಒಳಗೆ ಬಂದ ಒಂದು ಸಂಸಾರ ಇದೇನೋ ಸ್ಥಳೀಯ ಆಟ ಎಂದುಕೊಂಡು ವಿಡಿಯೋ ಮಾಡಿತು.

"ಲೇ, ಕಾಲ ಮುರೀತತಿ ನೋಡು," ಎಂದರು ಕಾಕಾ. ಮುರಿಯಿತು. ಹಕ್ಕಿ ಕಾಕಾನ ತೆಕ್ಕೆಗೆ ಬಂತು, ಅದರ ಎಡಗಾಲು ಕೊಳಗದ ತಳದಲ್ಲೇ ಉಳಿಯಿತು. ಉಳಿ ತಂದು ಕೆತ್ತೋಣವೆಂದರೆ ಆಯಿ ಕೈ ಅಡ್ಡ ಹಿಡಿದಳು. "ಸಾಕು. ಇನ್ನ ಮುಟ್ಟಬ್ಯಾಡ."

ಕೊಳಗವನ್ನು ನೆಟ್ಟಗೆ ಮಾಡಿ, ಸೆರಗಿನ ಗಂಟಿನಿಂದ ಹೊಸ ಭತ್ತ ತೆಗೆದು ಒಂದು ಮುಷ್ಟಿ ಒಳಗೆ ಹಾಕಿದಳು. ಮನೆಯಿಂದಲೇ ಕಟ್ಟಿಕೊಂಡು ಬಂದಿದ್ದಳು. ಖಾಲಿಯಾಗಿರುತ್ತದೆಂದು ಅವಳಿಗೆ ಮೊದಲೇ ಅನ್ನಿಸಿತ್ತೋ ಏನೋ, ನಾನು ಕೇಳಲಿಲ್ಲ.

ಬಸ್ಸಿನಲ್ಲಿ ಕೊಳಗವನ್ನು ತೊಡೆಯ ಮೇಲೆ ಇಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದು ಕುಳಿತಳು. ಕಂಡಕ್ಟರ್ ಬಗ್ಗಿ ನೋಡಿ, "ಆಯೀ, ಇದಕ್ಕ ಅರ್ಧಾ ಟಿಕೆಟ್ ತಗೀಲೋ, ಪೂರ್ತಿ ತಗೀಲೋ?" ಎಂದ.

"ಇದು ನಿನ್ನ ಅಜ್ಜಗಿಂತ ದೊಡ್ಡದು. ಮುದುಕರ ರಿಯಾಯ್ತಿ ಕೊಡು," ಎಂದಳು ಆಯಿ. ಬಸ್ಸೆಲ್ಲ ನಕ್ಕಿತು. ನಾನೂ ನಗಲು ಬಾಯಿ ತೆರೆದೆ. ಅವಳು ನನ್ನ ಕಡೆ ನೋಡಲಿಲ್ಲ, ಮುಚ್ಚಿಕೊಂಡೆ.

ಜೋಯಿಡಾದಲ್ಲಿ ಎರಡು ತಾಸು ಕಾದೆವು. ಕುಂಬಾರವಾಡದಲ್ಲಿ ಇಳಿದಾಗ ಮೋಡ ಗುಡ್ಡದ ತಲೆ ಮುಟ್ಟಿತ್ತು. ಕಣದಲ್ಲಿ ಮಗ, ಸೊಸೆ ಇಬ್ಬರೂ ಎದ್ದು ನಿಂತರು. ರಾಶಿಯ ಸುತ್ತ ಬೂದಿಯ ಗೆರೆ ಎಳೆದಿದ್ದರು. ಸೊಸೆ ಕೊಳಗವನ್ನು ಇಸಿದುಕೊಂಡು ಮೂಸಿ ನೋಡಿ ಮುಖ ಸಿಂಡರಿಸಿದಳು. ವಾರ್ನಿಶ್. ಬೂದಿ ಹಾಕಿ ಉಜ್ಜಿ ಉಜ್ಜಿ ತೊಳೆದು ತಂದಳು. ಆಯಿ ಮಗನಿಗೆ ಕೊಂಕಣಿಯಲ್ಲಿ ಏನೋ ಹೇಳಿದಳು. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ ಪಕ್ಕಕ್ಕೆ ಸರಿದ.

"ಮಗಚಿದ ಕೈಯಿಂದನ ತುಂಬಬೇಕು," ಎಂದಳು ಆಯಿ. "ಚಪ್ಪಲ್ ಬಿಟ್ಟು ಬಾ."

ಪರಂಪರೆಯ ಬಗ್ಗೆ ದಿನಕ್ಕೆ ನಲವತ್ತು ಸಲ ಮಾತಾಡಿದವನು ನಾನು. ಒಂದು ಸಲವೂ ಬಗ್ಗಿ ಅದನ್ನು ಎತ್ತಿದವನಲ್ಲ. ರಾಶಿಯ ಮುಂದೆ ಮೊಣಕಾಲೂರಿ, ಕೊಳಗ ತುಂಬಿ, ಅಂಗೈಯಿಂದ ಅದರ ಬಾಯಿ ಮಟ್ಟಕ್ಕೆ ಸವರಿ, ಎತ್ತಿ, ಬುಟ್ಟಿಗೆ ಸುರಿದು, "ಒಂದು" ಎಂದೆ.

ಮೂವರೂ ಒಟ್ಟಿಗೆ ಕೂಗಿದರು. ಮೊದಲ ಕೊಳಗಕ್ಕೆ ಒಂದು ಎನ್ನುವಂತಿಲ್ಲ, ಲಾಭ ಎನ್ನಬೇಕು, ಎಣಿಕೆ ಎರಡರಿಂದ. ಅಪ್ಪನ ಊರಿನಲ್ಲೂ ಹಾಗೇ ಅಂತೆ. ದಾಂಡೇಲಿಗೆ ಮರಳಿದ ಮೇಲೆ ಕಾಕಾ ಹೇಳಿದ್ದು ಇದು. ಸುರಿದದ್ದನ್ನು ರಾಶಿಗೆ ವಾಪಸ್ ಹಾಕಿಸಿ ಮತ್ತೆ ಮೊದಲಿನಿಂದ ತುಂಬಿಸಿದರು. ಲಾಭ, ಎರಡು, ಮೂರು. ಹಕ್ಕಿಯ ಕಾಲಿನ ಗಡ್ಡೆ ತಳದಲ್ಲಿದ್ದದ್ದರಿಂದ ನೆಲಕ್ಕಿಟ್ಟಾಗಲೆಲ್ಲ ಕೊಳಗ ವಾಲುತ್ತಿತ್ತು. ಪ್ರತಿ ಸಲ ಎಡಗೈಯಲ್ಲಿ ಆನಿಸಿ ಹಿಡಿದು ಬಲಗೈಯಲ್ಲಿ ತುಂಬಬೇಕು. ಮಗ ಬುಟ್ಟಿ ಹೊತ್ತು ಒಳಗೆ ಓಡುತ್ತಿದ್ದ, ಸೊಸೆ ಖಾಲಿ ಬುಟ್ಟಿ ತರುತ್ತಿದ್ದಳು, ಆಯಿ ಬೆರಳ ಗೆಣ್ಣಿನ ಮೇಲೆ ಎಣಿಸುತ್ತಿದ್ದಳು. ಅಳೆಯುವಾಗ ಬೇರೆ ಮಾತಾಡಬಾರದು. ನನ್ನ ಇಡೀ ಬದುಕಿನಲ್ಲಿ ನಾನು ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲು. ನನ್ನ ನಡು ಮುರಿದು ಎರಡು ತುಂಡಾದಂತಾಯಿತು, ಮೂರನೆಯ ತುಂಡೂ ಆಗುತ್ತಿತ್ತು. ಭತ್ತದ ಮುಳ್ಳು ತೋಳಿಗೆಲ್ಲ ಹತ್ತಿ ಉರಿಯತೊಡಗಿತು. ಒಮ್ಮೆ ನಾಲ್ಕು ಹನಿ ಬಿದ್ದವು. ಯಾರೂ ತಲೆ ಎತ್ತಲಿಲ್ಲ. ನಾನು ಇನ್ನೂ ಬೇಗ ಬೇಗ ತುಂಬಿದೆ. ಸರಿಯಾಗಿ ಸವರಲಿಲ್ಲವೆಂದು ಆಯಿ ಕೈ ಮೇಲೆ ಒಂದು ಹೊಡೆದಳು. ಮತ್ತೆ ಸವರಿದೆ.

ಸಂಜೆ ಬೆಳಕು ಇರುವಾಗಲೇ ಕಣ ಖಾಲಿಯಾಯಿತು. ಕೊನೆಯ ಬುಟ್ಟಿ ಹೊಸ್ತಿಲು ದಾಟಿದ ಸ್ವಲ್ಪ ಹೊತ್ತಿಗೆ ಮಳೆ ಸುರಿಯಿತು. ಜಗುಲಿಯಲ್ಲಿ ಕುಳಿತು ಕೈ ನೋಡಿಕೊಂಡೆ. ಬೊಬ್ಬೆ ಎದ್ದಿದ್ದವು. ಆಯಿ ಕೊಳಗಕ್ಕೆ ಒಂದು ಮುಷ್ಟಿ ಹೊಸ ಭತ್ತ ಹಾಕಿ, ವಾಲದಿರಲೆಂದು ಒಂದು ಬದಿಗೆ ಚಪ್ಪಟೆ ಕಲ್ಲು ಕೊಟ್ಟು, ಪಣತದ ಮೂಲೆಯಲ್ಲಿ ಇಟ್ಟಳು.

ನಾನು ಬರೆದುಕೊಟ್ಟ ಕಾಗದ ನೆನಪಾಯಿತು. ಹೇಗೆ ಕೇಳುವುದೆಂದು ಅಳೆಯುವಾಗೆಲ್ಲ ಬಾಯಿಪಾಠ ಮಾಡಿಕೊಂಡಿದ್ದೆ. ಎರಡೇ ದಿನ ಆಯಿ, ಭತ್ತದ ಸಮೇತ ಇಡುತ್ತೇನೆ, ಗಾಜಿನ ಪೆಟ್ಟಿಗೆ ಮಾಡಿಸುತ್ತೇನೆ, ಜನ ಬರುತ್ತಾರೆ. ಬಾಯಿ ತೆರೆದಾಗ ಅದು ಯಾವುದೂ ಬರಲಿಲ್ಲ.

"ಆಯಿ, ಭಾನುವಾರ ಒಯ್ಯಬೇಕಂತ ಬರದ ಕೊಟ್ಟೇನಿ. ಕೊಡ್ತೀಯೇನ?"

"ಇಲ್ಲ," ಎಂದಳು.

"ನನ್ನ ಕೆಲಸ ಹೋಗ್ತತಿ."

"ಹೋಗಬಹುದು," ಎಂದಳು. "ಖರೆ ಕೇಳಿದಿ, ಅದು ಚಲೋ ಆತು. ಆದ್ರ ಕೊಡೂದಿಲ್ಲ. ಕೈ ತೊಳಕೋ, ಉಣ್ಣಾಕ ಬಾ."

ಮೊಬೈಲ್ ತೆಗೆದು ಸಾಹೇಬರಿಗೆ ಬರೆಯಲು ಕುಳಿತೆ. ಕೊಳಗ ದಾರಿಯಲ್ಲಿ ಒಡೆಯಿತು ಎಂದು ಬರೆದು ಅಳಿಸಿದೆ. ಮಳೆಗೆ ಸೇತುವೆ ಮುಳುಗಿದೆ ಎಂದು ಬರೆದು ಅಳಿಸಿದೆ. ನನಗೆ ಸುಳ್ಳಿಗೆ ಬರವಿಲ್ಲ, ಇನ್ನೂ ಹತ್ತು ಸಿಗುತ್ತಿದ್ದವು. ಆದರೆ ಬೊಬ್ಬೆ ಎದ್ದ ಬೆರಳಿಗೆ ಉದ್ದದ ಸುಳ್ಳು ಒತ್ತಲು ಕಷ್ಟವಾಗುತ್ತಿತ್ತು. 'ಆಯಿ ಕೊಡುವುದಿಲ್ಲ ಸರ್. ಅವರದು ತಪ್ಪಿಲ್ಲ. ಸೋಮವಾರ ಬಂದವರಿಗೆ ನಾನೇ ನಿಂತು ಹೇಳುತ್ತೇನೆ' ಎಂದು ಬರೆದು ಕಳಿಸಿದೆ. ನೆಟ್‌ವರ್ಕ್ ಇರಲಿಲ್ಲ. ಮೆಸೇಜು ಹೋಗದೆ ಅಲ್ಲೇ ನಿಂತಿತು.

ಒಳಗೆ ಸೊಸೆ ಬಿಸಿ ಅನ್ನ, ಒಣಮೀನಿನ ಸಾರು ಬಡಿಸಿದಳು. ಬೆರಳು ಮಡಚಲು ಬರದೆ ಮೊದಲ ತುತ್ತು ತಟ್ಟೆಗೇ ಬಿತ್ತು. ಆಯಿಯ ಮಗ ಅದನ್ನು ನೋಡಿ ಅವತ್ತು ಮೊದಲ ಸಲ ನಕ್ಕ, ಎದ್ದು ಹೋಗಿ ನನಗೊಂದು ಚಮಚ ಹುಡುಕಿ ತಂದ.